ನಮ್ಮೂರ ಮಾರ್ಕೆಟ್ಟು

ಮೈಸೂರನ್ನು ನೋಡಬಂದವರಿಗೆ ನಾವು ಅರಮನೆಯನ್ನು ತೋರಿಸುತ್ತೇವೆ, ಚಾಮುಂಡಿ ಬೆಟ್ಟವನ್ನು ತೋರಿಸುತ್ತೇವೆ, ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ತೋರಿಸುತ್ತೇವೆ. ಅವರು ಮೆಚ್ಚಿಕೊಂಡು ಹೋಗುತ್ತಾರೆ. ಆದರೆ ಅರಮನೆಯಲ್ಲಿ ನಾವಾರೂ ವಾಸವಾಗಿಲ್ಲ; ಬೆಟ್ಟಕ್ಕೆ ಆಷಾಢದ ಶುಕ್ರವಾರಗಳಲ್ಲಿಯೋ ಮನೆಗೆ ನೆಂಟರು ಬಂದಾಗಲೋ ಹೋಗುವವರೇ ನಮ್ಮಲ್ಲಿ ಹೆಚ್ಚು. ವಾರಕ್ಕೊಮ್ಮೆಯಾದರೂ ತಪ್ಪದೆ ನಾವೆಲ್ಲರೂ ಹೋಗುತ್ತಿದ್ದ ಸ್ಥಳ, ವಕೀಲರೂ ಜಟಕಾ ಗಾಡಿಯವರೂ, ಪುರೋಹಿತರೂ ಪೈಲ್ವಾನರೂ, ಹೊಸದಾಗಿ ಸಂಸಾರ ಹೂಡಿದ ದಂಪತಿಗಳೂ, ಹತ್ತು ಮದುವೆಗಳ ಅಡಿಗೆಯನ್ನು ಮುಂದೆ ನಿಂತು ಮಾಡಿಸಿದ ಅಜ್ಜಿಯರೂ ಒಬ್ಬರ ಕೈಚೀಲಕ್ಕೆ ಒಬ್ಬರು ತಾಗಿಕೊಂಡು ನಡೆಯುತ್ತಿದ್ದ ಸ್ಥಳ ಒಂದೇ ಒಂದು. ಅದು ಮಾರ್ಕೆಟ್ಟು. ಊರಿನಲ್ಲಿ ಬೇರೆ ಮಾರುಕಟ್ಟೆಗಳು ಇಲ್ಲವೆಂದಲ್ಲ. ಆದರೆ ಹಳೆಯ ಮೈಸೂರಿನವರ ಬಾಯಲ್ಲಿ 'ಮಾರ್ಕೆಟ್ಟು' ಎಂದರೆ ದೇವರಾಜ ಮಾರ್ಕೆಟ್ಟೇ. ಅದಕ್ಕೆ ವಿಶೇಷಣದ ಅಗತ್ಯ ಬೀಳುತ್ತಿರಲಿಲ್ಲ.

ಹೆಸರಿನ ವಿಚಾರವಾಗಿ ಒಂದು ಮಾತು. ನಮ್ಮ ತರಗತಿಯ ಹುಡುಗರಲ್ಲಿ ಅನೇಕರು ಈ ಮಾರುಕಟ್ಟೆಗೆ ಹೆಸರು ಕೊಟ್ಟವರು ಮುಖ್ಯಮಂತ್ರಿಗಳಾಗಿದ್ದ ದೇವರಾಜ ಅರಸರೆಂದು ತಿಳಿದಿದ್ದಾರೆ. ಸಮೀಪದಲ್ಲಿಯೇ ಅವರ ಹೆಸರಿನ ರಸ್ತೆಯೊಂದಿರುವುದರಿಂದ ಹೀಗೆ ತಿಳಿಯುವುದು ಸಹಜ. ಆದರೆ ಅರಸರು ಮುಖ್ಯಮಂತ್ರಿಗಳಾದದ್ದು 1972ರಲ್ಲಿ. ಮಾರುಕಟ್ಟೆಯ ಹೆಸರು ಅದಕ್ಕಿಂತ ಬಹಳ ಹಳೆಯದು. ಹದಿನೇಳನೆಯ ಶತಮಾನದಲ್ಲಿ ಆಳಿದ, ಬೆಟ್ಟದ ಮೆಟ್ಟಿಲುಗಳಿಗಾಗಿ ನಾವು ಇಂದಿಗೂ ನೆನೆಯುವ ದೊಡ್ಡ ದೇವರಾಜ ಒಡೆಯರ ಹೆಸರನ್ನು ಅದು ಹೊತ್ತಿದೆಯೆಂದು ಹಿರಿಯರು ಹೇಳುತ್ತಾರೆ. ಬೆಟ್ಟ ಹತ್ತುವವನಿಗೆ ಮೆಟ್ಟಿಲು, ಬೆಟ್ಟದ ತಾಯಿಗೆ ಮುಡಿಸಲು ಹೂವು, ಎರಡಕ್ಕೂ ಒಬ್ಬರದೇ ಹೆಸರು ಸೇರಿಕೊಂಡದ್ದು ಅನುಚಿತವೇನೂ ಅಲ್ಲ.

ಈ ಪೇಟೆ ಹುಟ್ಟಿದ ಬಗೆ ಸ್ವಾರಸ್ಯವಾಗಿದೆ. ದಿವಾನ್ ಪೂರ್ಣಯ್ಯನವರು ಕಾವೇರಿಯ ನೀರನ್ನು ಮೈಸೂರಿಗೆ ತರಬೇಕೆಂದು ಒಂದು ದೊಡ್ಡ ಕಾಲುವೆಯನ್ನು ತೋಡಿಸಿದರು. ನೀರು ಬರಲಿಲ್ಲ, ಕಾಲುವೆ ಮಾತ್ರ ಉಳಿಯಿತು. ಊರಿನ ನಡುವೆ ಬಾಯ್ದೆರೆದುಕೊಂಡಿದ್ದ ಆ ಹಳ್ಳದಲ್ಲಿ ಕಾಲಕ್ರಮದಲ್ಲಿ ಊರಿನ ಕೊಳಕೆಲ್ಲ ಸೇರಿ ಜನರಿಗೆ ಉಪದ್ರವವಾಯಿತು. 1881ರಲ್ಲಿ ರಾಜ್ಯವು ಮತ್ತೆ ಒಡೆಯರ ವಶಕ್ಕೆ ಬಂದು, ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆಯಲ್ಲಿ ನಗರದ ಸುಧಾರಣೆ ಮೊದಲಾದಾಗ, ಬಹಳ ಹಣ ವೆಚ್ಚಮಾಡಿ ಈ ಹಳ್ಳವನ್ನು ಮುಚ್ಚಿದರು. ಹಾಗೆ ದೊರೆತ ನೆಲದ ಮೇಲೆ ಅಗಲವಾದ ರಾಜಬೀದಿಯೂ ಅದರ ಎರಡು ಪಕ್ಕಗಳಲ್ಲಿ ಅಂದವಾದ ಅಂಗಡಿಸಾಲುಗಳೂ ಎದ್ದವು. ಬರೋಡೆಯ ಮಹಾರಾಜರ ಹೆಸರಿನಲ್ಲಿ ಅದಕ್ಕೆ ಸಯ್ಯಾಜಿರಾವ್ ರಸ್ತೆಯೆಂದು ನಾಮಕರಣವಾಯಿತು. ವಿಜಯದಶಮಿಯ ದಿನ ಜಂಬೂಸವಾರಿ ಸಾಗುವುದು ಈ ರಸ್ತೆಯಲ್ಲಿಯೇ. ಆನೆಯ ಮೇಲಿನ ಅಂಬಾರಿಯನ್ನು ಕಾಣಲು ಬೆಳಗಿನಿಂದ ಕಾದು ಕುಳಿತಿರುವ ಲಕ್ಷಾಂತರ ಜನರಲ್ಲಿ, ತಾವು ಕುಳಿತಿರುವುದು ಕಾವೇರಿಯನ್ನು ಕಾಣದೆ ಹೋದ ಒಂದು ಕಾಲುವೆಯ ಮೇಲೆ ಎಂಬುದನ್ನು ಬಲ್ಲವರು ಎಷ್ಟು ಮಂದಿಯೋ!

ಈ ರಸ್ತೆಯ ಪಕ್ಕದಲ್ಲಿ, ಉತ್ತರದ ಧನ್ವಂತರಿ ರಸ್ತೆಯಿಂದ ದಕ್ಷಿಣದ ಚಿಕ್ಕ ಗಡಿಯಾರದವರೆಗೆ, ಮಾರ್ಕೆಟ್ಟು ಉದ್ದಕ್ಕೆ ಹಬ್ಬಿಕೊಂಡಿದೆ. ಚಿಕ್ಕ ಗಡಿಯಾರವೆಂದು ನಾವು ಕರೆಯುವ ಗೋಪುರ ವೈಸರಾಯ್ ಲಾರ್ಡ್ ಡಫರಿನ್ನರ ನೆನಪಿಗಾಗಿ ಕಟ್ಟಿದ್ದು. ಅದಕ್ಕೆ 'ಚಿಕ್ಕ' ಎಂಬ ವಿಶೇಷಣ ಬಂದದ್ದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತ ಮಹೋತ್ಸವಕ್ಕೆಂದು 1927ರಲ್ಲಿ ಅರಮನೆಯ ನೌಕರರು ದೊಡ್ಡ ಗಡಿಯಾರವನ್ನು ಕಟ್ಟಿಸಿದ ಮೇಲೆಯೇ ಇರಬೇಕು. ತಮ್ಮ ಹುಟ್ಟಿನಾಗ ಅಣ್ಣನಾಗುವ ಸಂಭವ ಮನುಷ್ಯರಿಗೆ ಸಾಮಾನ್ಯ. ಗಡಿಯಾರಕ್ಕೆ ಮಾತ್ರ ತಮ್ಮ ಹುಟ್ಟಿದ ಮೇಲೆ ತಾನೇ ಚಿಕ್ಕದಾಗುವ ಯೋಗ ಬಂದಿತು.

ಇನ್ನು ಒಳಗೆ ಹೋಗೋಣ. ನಾವು ಮೊದಲು ಅಲ್ಲಿಗೆ ಹೋದದ್ದು ನಮ್ಮ ಅಜ್ಜಿಯ ಸೆರಗು ಹಿಡಿದುಕೊಂಡು. ಕಳೆದ ಶತಮಾನದ ಎಂಬತ್ತರ ದಶಕದ ಮಾತು. ರಸ್ತೆಯ ಬೆಳಕಿನಿಂದ ಬಾಗಿಲ ಕಮಾನನ್ನು ದಾಟಿ ಒಳಗೆ ಕಾಲಿಟ್ಟೊಡನೆ ಕಣ್ಣಿಗಿಂತ ಮೊದಲು ಮೂಗು ದಾರಿ ತೋರಿಸುತ್ತಿದ್ದಿತು. ಕಣ್ಣು ಮುಚ್ಚಿಕೊಂಡು ನಡೆದರೂ ಎಲ್ಲಿದ್ದೇವೆಂದು ಹೇಳಬಹುದಾಗಿದ್ದಿತು. ಬೆಲ್ಲದ ಅಂಗಡಿಗಳ ಮುಂದೆ ಸಿಹಿಯೂ ಹುಳಿಯೂ ಕೂಡಿದ ಒಂದು ವಾಸನೆ. ಅಲ್ಲಿಂದ ಮುಂದೆ ಒಣಮೆಣಸಿನಕಾಯಿಯ ಘಾಟು. ಆಮೇಲೆ ತಣ್ಣಗಿನ ವೀಳ್ಯದೆಲೆ. ಊದುಬತ್ತಿ, ಗಂಧದೆಣ್ಣೆ, ಅತ್ತರು. ಕೊನೆಗೆ ಎಲ್ಲವನ್ನೂ ಮುಳುಗಿಸಿಬಿಡುವ ಮಲ್ಲಿಗೆ. ಕುಂಕುಮದ ಅಂಗಡಿಯವರು ತಟ್ಟೆಗಳಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಪುಡಿಗಳನ್ನು ಶಿಖರಶಿಖರವಾಗಿ ಒಟ್ಟಿ ಇಟ್ಟಿರುತ್ತಿದ್ದರು, ಈಗಲೂ ಇಡುತ್ತಾರೆ. ವಿದೇಶದ ಪ್ರವಾಸಿಗಳು ಅದರ ಚಿತ್ರವನ್ನು ತೆಗೆದುಕೊಳ್ಳದೆ ಮುಂದೆ ಹೋಗುವುದಿಲ್ಲ. ಹುಡುಗರಾಗಿದ್ದ ನಮಗೆ ಆ ಶಿಖರಗಳ ತುದಿಯನ್ನು ಬೆರಳಿಂದ ಒತ್ತಿ ನೋಡಬೇಕೆಂಬ ಆಸೆ ತಡೆಯಲಾಗುತ್ತಿರಲಿಲ್ಲ.

ಮೈಸೂರು ಕೆಲವು ಪದಾರ್ಥಗಳಿಗೆ ತನ್ನ ಹೆಸರನ್ನೂ ತನ್ನ ನೆರೆಯ ಹೆಸರನ್ನೂ ಕೊಟ್ಟಿದೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಈರನಗೆರೆಯ ಬದನೆಕಾಯಿ. ಇವು ನಾಲ್ಕನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಮನೆಗೆ ಬರಬಹುದಾಗಿದ್ದ ಊರು ಪ್ರಪಂಚದಲ್ಲಿ ಇದೊಂದೇ. ರಸಬಾಳೆಯ ಗೊನೆಗಳನ್ನು ಅಂಗಡಿಯ ಮುಂದೆ ತೂಗುಹಾಕಿರುತ್ತಿದ್ದರು. ಅದರ ಸಿಪ್ಪೆ ಕಪ್ಪಾಗುತ್ತ ಬಂದಷ್ಟೂ ರುಚಿ ಏರುತ್ತದೆಂಬುದನ್ನು ತಿಳಿಯದ ಪರಊರಿನವರು 'ಕೊಳೆತ ಹಣ್ಣು' ಎಂದು ಮುಖ ತಿರುಗಿಸಿ ಹೋದಾಗ ನಮ್ಮ ಅಜ್ಜಿಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ. ಇಂದು ಆ ಹಣ್ಣು ಅಪರೂಪವಾಗಿದೆ. ಪನಾಮಾ ಸೊರಗುರೋಗವೆಂಬ ವ್ಯಾಧಿ ತೋಟಗಳನ್ನು ಹಾಳುಮಾಡಿ, ರೈತರು ಬೇರೆ ತಳಿಗಳನ್ನು ಹಿಡಿದರು. ನಂಜನಗೂಡಿನ ಬಾಳೆಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ಮನ್ನಣೆ ದೊರೆಯುವ ಹೊತ್ತಿಗೆ ಬಾಳೆ ವಿರಳವಾಗಿದ್ದಿತು. ವೀಳ್ಯದೆಲೆಯ ತೋಟಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಅಲ್ಲಿ ರೋಗವಲ್ಲ, ಊರೇ ಬೆಳೆದು ತೋಟಗಳ ಮೇಲೆ ಮನೆಗಳನ್ನು ಕಟ್ಟಿತು. ಹೀಗೆ ಮಾರುಕಟ್ಟೆಯ ಮೊದಲ ಬದಲಾವಣೆ ಮಾರುಕಟ್ಟೆಯಲ್ಲಿ ನಡೆಯಲೇ ಇಲ್ಲ, ಹೊಲದಲ್ಲಿ ನಡೆಯಿತು. ಅಂಗಡಿಯ ಹಲಗೆಯ ಮೇಲೆ ಅದರ ಫಲ ಮಾತ್ರ ಕಾಣಿಸಿತು.

ಎರಡನೆಯ ಬದಲಾವಣೆ ಅಳತೆಯದು. 1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ದಶಮಾಂಶ ನಾಣ್ಯ ಜಾರಿಗೆ ಬಂದು, 16 ಆಣೆಯ ರೂಪಾಯಿ 100 ಪೈಸೆಯ ರೂಪಾಯಿಯಾಯಿತು. 1956ರ ತೂಕ ಅಳತೆಗಳ ಶಾಸನದ ಮೇರೆಗೆ, ಮುಂದಿನ ಕೆಲವು ವರ್ಷಗಳಲ್ಲಿ ಸೇರು ಮಣಗಳು ಹೋಗಿ ಕಿಲೋಗ್ರಾಂ ಲೀಟರುಗಳು ಬಂದವು. ಆದರೆ ಶಾಸನಕ್ಕೆ ತಕ್ಕಡಿಯ ಮೇಲೆ ಅಧಿಕಾರವಿರುವಂತೆ ನಾಲಗೆಯ ಮೇಲೆ ಅಧಿಕಾರವಿಲ್ಲ. ಇದಾಗಿ ಎರಡು ದಶಕಗಳಾದ ಮೇಲೆ ಹುಟ್ಟಿದ ನಾವು ಕೂಡ ಅಚ್ಚೇರು, ಪಾವು, ಚಟಾಕುಗಳ ಮಾತನ್ನು ಕೇಳಿಯೇ ಬೆಳೆದೆವು. 'ನಾಲ್ಕಾಣೆಗೆ ಕೊತ್ತಂಬರಿ ಸೊಪ್ಪು ತಾ' ಎಂದರೆ 25 ಪೈಸೆಯ ನಾಣ್ಯವನ್ನು ಹಿಡಿದುಕೊಂಡು ಓಡುತ್ತಿದ್ದೆವು. ಆ ನಾಣ್ಯವೂ 2011ರ ಜೂನ್ ಕೊನೆಯಲ್ಲಿ ಚಲಾವಣೆಯಿಂದ ಹೊರಟುಹೋಯಿತು. ಹೂವಿನವರು ಮಾತ್ರ ಯಾವ ಶಾಸನಕ್ಕೂ ಜಗ್ಗಲಿಲ್ಲ. ಕಟ್ಟಿದ ಹೂವನ್ನು ಇಂದಿಗೂ ಮೊಳದಲ್ಲಿಯೇ ಅಳೆಯುತ್ತಾರೆ, ನಾಲ್ಕು ಮೊಳಕ್ಕೆ ಒಂದು ಮಾರು. ಮೊಳವೆಂದರೆ ಯಾರ ಮೊಳ? ಮಾರುವವಳ ಮೊಳವೇ ಹೊರತು ಕೊಳ್ಳುವವಳ ಮೊಳವಲ್ಲ. ಆದಕಾರಣ ಕೈ ಉದ್ದವಿದ್ದ ಹೂವಾಡಗಿತ್ತಿಯನ್ನು ಹುಡುಕಿಕೊಂಡು ಹೋಗುವುದು ಗೃಹಿಣಿಯರ ಜಾಣತನಗಳಲ್ಲಿ ಒಂದಾಗಿದ್ದಿತು.

ಅಳತೆಗಿಂತಲೂ ಹೆಚ್ಚಿನ ಸಂಗತಿ ವ್ಯವಹಾರದ ರೀತಿ. ಚೌಕಾಸಿ ಎಂಬುದನ್ನು ಈಗಿನವರು ಜಿಪುಣತನವೆಂದು ಎಣಿಸುತ್ತಾರೆ. ನಮ್ಮ ಹಿರಿಯರಿಗೆ ಅದು ಸಂಭಾಷಣೆಯ ಒಂದು ಪ್ರಕಾರ.

'ಏನಪ್ಪಾ, ಬದನೆಕಾಯಿ ಹೇಗೆ?'

'ತಮಗೆ ಹೆಚ್ಚು ಹೇಳ್ತೀನಾ ಅಮ್ಮಾವ್ರೆ? ತಗೊಳ್ಳಿ, ನಿಮ್ಮ ಕೈಯಿಂದಲೇ ಬೋಣಿ.'

'ದಿನಾ ನನ್ನಿಂದಲೇ ನಿನಗೆ ಬೋಣಿ! ಹತ್ತು ಗಂಟೆಯಾಯಿತು, ಇನ್ನೂ ಬೋಣಿಯೇ?'

'ಬೋಣಿ ಆದದ್ದು ಹೌದು ತಾಯಿ. ಒಳ್ಳೇ ಬೋಣಿ ಆಗಿಲ್ಲ.'

ಇಷ್ಟಾದ ಮೇಲೆ ಇಬ್ಬರೂ ನಗುತ್ತಿದ್ದರು. ಬೆಲೆಯೂ ಒಂದು ಮಟ್ಟಕ್ಕೆ ಇಳಿಯುತ್ತಿದ್ದಿತು. ತೂಗಿ ಚೀಲಕ್ಕೆ ಸುರಿದ ಮೇಲೆ ಅವನು ಕೇಳದೆಯೇ ಮತ್ತೊಂದು ಕಾಯಿಯನ್ನೋ ಒಂದು ಹಿಡಿ ಹಸಿಮೆಣಸಿನಕಾಯಿಯನ್ನೋ ಎರಡು ಎಸಳು ಕರಿಬೇವನ್ನೋ ಹಾಕುತ್ತಿದ್ದನು. ಇದಕ್ಕೆ ಕೊಸರು ಎಂದು ಹೆಸರು. ಕೊಸರು ತೂಕಕ್ಕೆ ಸೇರಿದ್ದಲ್ಲ, ಬೆಲೆಗೆ ಸೇರಿದ್ದಲ್ಲ, ದಾನವೂ ಅಲ್ಲ. ಕೊಡದಿದ್ದರೆ ಕೊಳ್ಳುವವರು ಕೋಪಿಸಿಕೊಳ್ಳುತ್ತಿದ್ದರು. ಆದರೆ ಅದು ಅವರ ಹಕ್ಕೆಂದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆದಿರಲಿಲ್ಲ. 'ಮತ್ತೆ ಬನ್ನಿ' ಎಂಬ ಮಾತನ್ನು ಬಾಯಿಂದ ಹೇಳದೆ ಕೈಯಿಂದ ಹೇಳುವ ಬಗೆ ಅದು. ಈಗಿನ ವಿದ್ಯುತ್ ತಕ್ಕಡಿ ಗ್ರಾಮಿನವರೆಗೂ ನಿಜವನ್ನೇ ಹೇಳುತ್ತದೆ. ಹಳೆಯ ತಕ್ಕಡಿಯ ಅಡಿಯಲ್ಲಿ ನಡೆಯುತ್ತಿದ್ದ ಕೈಚಳಕವನ್ನು ಕಂಡವರು ಇದನ್ನು ಸ್ವಾಗತಿಸಲೇಬೇಕು. ಆದರೆ ಆ ಅಂಕಿಗಳು ಬೆಳಗಿದ ಮೇಲೆ ಕೊಸರು ಹಾಕುವ ಕೈ ಸ್ವಲ್ಪ ಹಿಂಜರಿಯುತ್ತದೆಂಬುದನ್ನು ನಾವು ಅನೇಕ ಸಲ ಗಮನಿಸಿದ್ದೇವೆ.

ಸಾಲದ ವ್ಯವಹಾರವೂ ಹೀಗೆಯೇ. ತಿಂಗಳ ಕೊನೆಯ ವಾರದಲ್ಲಿ ಸಂಬಳದವರ ಮನೆಗಳಲ್ಲಿ ಕೈ ಬಿಗಿಯಾಗಿರುತ್ತಿದ್ದುದು ಅಂಗಡಿಯವನಿಗೆ ಮನೆಯವರಷ್ಟೇ ಚೆನ್ನಾಗಿ ತಿಳಿದಿದ್ದಿತು. 'ಒಂದನೇ ತಾರೀಖು ಕೊಡುವಿರಂತೆ, ತೆಗೆದುಕೊಂಡು ಹೋಗಿ' ಎನ್ನುತ್ತಿದ್ದನು. ಚೀಟಿ ಇರಲಿಲ್ಲ, ಸಾಕ್ಷಿ ಇರಲಿಲ್ಲ. ಇಂದು ಅದೇ ಅಂಗಡಿಗಳ ಮುಂದೆ, ನಿಂಬೆಹಣ್ಣಿನ ರಾಶಿಯ ಪಕ್ಕದಲ್ಲಿ, ಕಪ್ಪು ಬಿಳುಪು ಚೌಕಗಳ ಒಂದು ಹಲಗೆ ನಿಂತಿದೆ. 2016ರಲ್ಲಿ ಬಂದ ಯು.ಪಿ.ಐ. ಪದ್ಧತಿಯಿಂದ ಚಿಲ್ಲರೆಯ ತಕರಾರು ತೀರಿತು. ಹಣ ಸಂದಾಯವಾಯಿತೆಂದು ಒಂದು ಪೆಟ್ಟಿಗೆ ಕೂಗಿ ಹೇಳುತ್ತದೆ. ಇದರಿಂದ ಅನುಕೂಲವಾಗಿಲ್ಲವೆಂದು ಹೇಳಿದರೆ ಸುಳ್ಳಾದೀತು. ಓದು ಬಾರದ ಮುದುಕಿಯೊಬ್ಬಳಿಗೆ ಹರಿದ ನೋಟನ್ನು ದಾಟಿಸುವುದು ಈಗ ಯಾರಿಗೂ ಸಾಧ್ಯವಿಲ್ಲ. ಆದರೆ 'ಒಂದನೇ ತಾರೀಖು ಕೊಡಿ' ಎಂಬ ಮಾತನ್ನು ಆ ಪೆಟ್ಟಿಗೆಗೆ ಯಾರೂ ಕಲಿಸಿಲ್ಲ.

ಮಾರ್ಕೆಟ್ಟಿನ ನೆನಪು ತರಕಾರಿಯಲ್ಲಿಯೇ ಮುಗಿಯುವುದಿಲ್ಲ. ಚಿಕ್ಕ ಗಡಿಯಾರದ ಸಮೀಪದಲ್ಲಿ ಲ್ಯಾನ್ಸ್‌ಡೌನ್ ಕಟ್ಟಡವಿದೆ. 1892ರಲ್ಲಿ ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದುದರ ಗುರುತಾಗಿ ಅದಕ್ಕೆ ಆ ಹೆಸರು. ಅದರ ಕಂಬಸಾಲಿನ ನೆರಳಿನಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳಿದ್ದವು. ಜೂನ್ ತಿಂಗಳು ಬಂದರೆ ಮೈಸೂರಿನ ವಿದ್ಯಾರ್ಥಿಗಳೆಲ್ಲ ಅಲ್ಲಿಯೇ. ಹೋದ ವರ್ಷ ತೇರ್ಗಡೆಯಾದವನು ಮಾರಿದ ಪುಸ್ತಕವನ್ನು ಈ ವರ್ಷ ಓದಬೇಕಾದವನು ಅರ್ಧ ಬೆಲೆಗೆ ಕೊಳ್ಳುತ್ತಿದ್ದನು. ಅಂಚಿನಲ್ಲಿ ಬರೆದ ಟಿಪ್ಪಣಿಗಳು ಕೊಸರು. ನಾವು ಷೇಕ್ಸ್‌ಪಿಯರನ ನಾಟಕಗಳನ್ನು ಮೊದಲು ಕೊಂಡದ್ದು ಅಲ್ಲಿಯೇ. ಒಂದು ಕೈಯಲ್ಲಿ ಸೋರೆಕಾಯಿ, ಇನ್ನೊಂದು ಕೈಯಲ್ಲಿ ಷೇಕ್ಸ್‌ಪಿಯರ್ ಹಿಡಿದುಕೊಂಡು ಮನೆಗೆ ಹೋಗುವುದು ಆಗ ಯಾರಿಗೂ ವಿಚಿತ್ರವಾಗಿ ತೋರುತ್ತಿರಲಿಲ್ಲ. ಗ್ರೀಕರ ಅಗೋರಾದಲ್ಲಿ ಮೀನು, ಆಲಿವ್ ಎಣ್ಣೆಗಳೊಡನೆ ತತ್ತ್ವಜಿಜ್ಞಾಸೆಯೂ ನಡೆಯುತ್ತಿದ್ದಿತೆಂದು ನಾವು ಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ಆಶ್ಚರ್ಯವಾಗುತ್ತದೆ. ನಮಗೆ ಆಗುವುದಿಲ್ಲ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಪಾಯಸನೂ ಅಲ್ಲಿನ ದೇವಾಲಯಗಳನ್ನು ವರ್ಣಿಸಿದಷ್ಟೇ ಉತ್ಸಾಹದಿಂದ ಪೇಟೆಗಳನ್ನು ವರ್ಣಿಸಿದ್ದಾನೆ. ಒಂದು ನಗರದ ಬುದ್ಧಿಯೂ ಹೊಟ್ಟೆಯೂ ಬಹಳ ದೂರ ದೂರ ಇರುವುದು ಕ್ಷೇಮವಲ್ಲವೆಂದು ಪೂರ್ವಿಕರು ಬಲ್ಲವರಾಗಿದ್ದರು.

ಹೀಗೆಂದು ಹಿಂದಿನದೆಲ್ಲ ಹೊನ್ನೆಂದು ನಾವು ಹೇಳುತ್ತಿಲ್ಲ. ಮಳೆಗಾಲದ ಮಾರ್ಕೆಟ್ಟನ್ನು ಕಂಡವರು ಯಾರೂ ಹಾಗೆ ಹೇಳಲಾರರು. ಕೊಳೆತ ಸೊಪ್ಪು, ಕೆಸರು, ಹೆಗ್ಗಣ, ಎಲ್ಲಿ ಬೇಕಾದರೂ ನುಗ್ಗುವ ದನ. ಹರಕು ಗೋಣಿಯನ್ನು ತಲೆಯ ಮೇಲೆ ಹೊದ್ದುಕೊಂಡು, ನೆಲದ ಮೇಲೆಯೇ ಸೊಪ್ಪು ಹರಡಿಕೊಂಡು, ನಸುಕಿನಿಂದ ರಾತ್ರಿಯವರೆಗೆ ಕೂತಿರುತ್ತಿದ್ದ ಹೆಂಗಸರು. ಅವರಲ್ಲಿ ಹಸುಗೂಸುಗಳನ್ನು ಬುಟ್ಟಿಯಲ್ಲಿ ಮಲಗಿಸಿಕೊಂಡವರೂ ಇದ್ದರು. ನಮ್ಮ ನೆನಪು ಕೊಳ್ಳುವವನ ನೆನಪು. ಅರ್ಧ ಗಂಟೆ ಸುತ್ತಾಡಿ, ಪರಿಮಳವನ್ನು ಮೂಸಿ, ಚೀಲ ತುಂಬಿಕೊಂಡು ಮನೆಗೆ ಹೋದವನಿಗೆ ಮಾರ್ಕೆಟ್ಟು ಬಹಳ ಸೊಗಸು. ಅಲ್ಲಿಯೇ ದಿನಕ್ಕೆ ಹದಿನಾಲ್ಕು ಗಂಟೆ ಕಳೆದು, ಮಾರಾಟವಾಗದ ಹೂವನ್ನು ಸಂಜೆ ಚರಂಡಿಗೆ ಚೆಲ್ಲಿದವಳನ್ನು ಯಾರೂ ರೇಡಿಯೋ ಭಾಷಣಕ್ಕೆ ಕರೆಯುವುದಿಲ್ಲ. ಅವಳು ಬಂದು ಮಾತನಾಡಿದ್ದರೆ ಮೊದಲು ಕೇಳುತ್ತಿದ್ದುದು ನೆತ್ತಿಯ ಮೇಲೊಂದು ಸೂರು, ಕುಡಿಯಲು ನೀರು, ಹೆಂಗಸರಿಗೆ ಶೌಚಗೃಹ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ವಿಷಯಕ್ಕೆ ಬರಬೇಕು.

ಪದಾರ್ಥ ಬದಲಾಯಿತು, ಅಳತೆ ಬದಲಾಯಿತು, ವ್ಯವಹಾರದ ರೀತಿಯೂ ಬದಲಾಯಿತು. ಮುತ್ತುಗದ ಎಲೆಯ ಪೊಟ್ಟಣ ಹೋಗಿ ಪ್ಲಾಸ್ಟಿಕ್ ಚೀಲ ಬಂದಿತು. 2016ರಲ್ಲಿ ರಾಜ್ಯ ಸರಕಾರ ಅದನ್ನು ನಿಷೇಧಿಸಿದ ಮೇಲೆ ಬಟ್ಟೆಯ ಚೀಲ ಮತ್ತೆ ಕೆಲವರ ಕೈಗೆ ಮರಳಿತು. ಬಡಾವಣೆ ಬಡಾವಣೆಗೂ ತಣ್ಣನೆಯ ಗಾಳಿ ಬೀಸುವ ದೊಡ್ಡ ಅಂಗಡಿಗಳಾದವು; ಅಲ್ಲಿಗೂ ಹೋಗಲಾರದವರ ಮನೆಯ ಬಾಗಿಲಿಗೆ ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ಬರತೊಡಗಿತು. ಇಷ್ಟನ್ನೂ ಮಾರ್ಕೆಟ್ಟು ತಾಳಿಕೊಂಡಿತು. ಗೌರಿಹಬ್ಬದ ಹಿಂದಿನ ದಿನ, ವರಮಹಾಲಕ್ಷ್ಮಿಯ ಹಿಂದಿನ ದಿನ, ಆಯುಧಪೂಜೆಯ ಹಿಂದಿನ ದಿನ ಅಲ್ಲಿ ಕಾಲಿಡಲು ಇಂದಿಗೂ ಸ್ಥಳವಿರುವುದಿಲ್ಲ. ಅಪಾಯ ಬಂದದ್ದು ಬೇರೊಂದು ಕಡೆಯಿಂದ, ತಲೆಯ ಮೇಲಿನಿಂದ.

2012ರ ಆಗಸ್ಟ್ ತಿಂಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ಅಂಗಡಿಗಳು ತೆರವಾದವು, ಹಳೆಯ ಪುಸ್ತಕದವರು ಚದುರಿಹೋದರು. ನಾಲ್ಕು ವರ್ಷಗಳ ಮೇಲೆ, 2016ರ ಆಗಸ್ಟ್ 28ರಂದು, ದುರಸ್ತಿ ನಡೆಯುತ್ತಿರುವಾಗಲೇ ದೇವರಾಜ ಮಾರುಕಟ್ಟೆಯ ಧನ್ವಂತರಿ ರಸ್ತೆಯ ಕಡೆಯ ಭಾಗ ಕುಸಿಯಿತು. ಮರದ ತೊಲೆಗಳ ಮೇಲೆ ಇಟ್ಟಿಗೆ ಗಾರೆ ಹಾಕಿ ಮಾಡಿದ ಹಳೆಯ ಮಾಳಿಗೆಗೆ ದೊಡ್ಡ ಶತ್ರು ನೀರು. ಸೋರಿಕೆಯನ್ನು ವರ್ಷವರ್ಷವೂ ತಡೆಯುತ್ತ ಬಂದರೆ ಅಂಥ ಮಾಳಿಗೆ ತಲೆಮಾರುಗಳವರೆಗೆ ನಿಲ್ಲುತ್ತದೆ. ಅಲಕ್ಷಿಸಿದರೆ ತೊಲೆಯ ತುದಿ ಗೋಡೆಯೊಳಗೆ, ಯಾರಿಗೂ ಕಾಣದಂತೆ, ಲಡ್ಡಾಗಿಬಿಡುತ್ತದೆ. ಸಂತೆಯ ಹೊತ್ತಿಗೆ ಮೂರು ಮೊಳ ನೆಯ್ದರೆಂಬ ಗಾದೆಯಂತೆ, ದಸರಾ ಹತ್ತಿರ ಬಂದಾಗ ಸುಣ್ಣ ಬಳಿಯುವುದನ್ನೇ ದುರಸ್ತಿಯೆಂದು ಕರೆದರೆ ಕಟ್ಟಡಕ್ಕೆ ಅದು ತಿಳಿಯದೆ ಹೋಗುವುದಿಲ್ಲ.

ಅಲ್ಲಿಂದ ಇತ್ತ ಕೆಡವಿ ಹೊಸದಾಗಿ ಕಟ್ಟಬೇಕೆನ್ನುವವರಿಗೂ, ಹಳೆಯದನ್ನೇ ಭದ್ರಪಡಿಸಬೇಕೆನ್ನುವವರಿಗೂ ವಾದ ನಡೆಯಿತು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಎಂಜಿನಿಯರುಗಳೇ ಎರಡು ಪಕ್ಷವಾಗಿರುವಲ್ಲಿ ಸಾಹಿತ್ಯ ಪಾಠ ಹೇಳುವ ನಾವು ತೀರ್ಪು ಕೊಡುವುದು ಉಚಿತವಲ್ಲ. ಎರಡು ಮಾತುಗಳನ್ನು ಮಾತ್ರ ಹೇಳಬಹುದು. ಒಂದು: ಕೆಡವಿದರೂ ಸರಿ, ಉಳಿಸಿದರೂ ಸರಿ, ಕೆಲಸ ನಡೆಯುವ ಕಾಲದಲ್ಲಿ ಆ ನೂರಾರು ಅಂಗಡಿಯವರೂ, ಅಂಗಡಿಯೆಂಬುದೇ ಇಲ್ಲದೆ ಬುಟ್ಟಿಯ ಮುಂದೆ ಕೂರುವವರೂ ಎಲ್ಲಿ ಕೂತು ಮಾರಬೇಕೆಂಬುದು ಮೊದಲು ನಿಶ್ಚಯವಾಗಬೇಕು. ಗಿರಾಕಿಯ ಕಾಲಿಗೆ ಒಂದು ದಾರಿ ರೂಢಿಯಾಗಲು ಹತ್ತು ವರ್ಷ ಬೇಕು, ತಪ್ಪಲು ಮೂರು ತಿಂಗಳು ಸಾಕು. ಇನ್ನೊಂದು: ಹೊಸ ಕಟ್ಟಡದಲ್ಲಿ ಮಹಡಿಯ ಮೇಲೆ ಮಹಡಿ ಬಂದು ಬಾಡಿಗೆ ಏರಿದರೆ, ಕಮಾನುಗಳು ಹಳೆಯವುಗಳಂತೆಯೇ ಕಂಡರೂ, ನಾಲ್ಕು ಕಟ್ಟು ಸೊಪ್ಪು ಮಾರುವವಳು ಅಲ್ಲಿ ಇರಲಾರಳು. ಅವಳಿಲ್ಲದಿದ್ದರೆ ಅಲ್ಲಿ ಅಂಗಡಿಗಳಿರಬಹುದು, ಮಾರ್ಕೆಟ್ಟು ಇರುವುದಿಲ್ಲ. ಕಲ್ಲು ಗಾರೆಗಳ ಪರವಾಗಿ ಮಾತನಾಡಲು ಊರಿನಲ್ಲಿ ವಿದ್ವಾಂಸರಿದ್ದಾರೆ, ಅದು ಸಂತೋಷದ ವಿಷಯ. ಬುಟ್ಟಿಯ ಪರವಾಗಿಯೂ ಯಾರಾದರೂ ಮಾತನಾಡಬೇಕಾಗಿದೆ.

ಈ ವಿಷಯದಲ್ಲಿ ನಾಗರಿಕರಾದ ನಾವು ಮಾಡಬಹುದಾದ ಕೆಲಸ ಬಹಳ ದೊಡ್ಡದಲ್ಲ. ಸಭೆ ಸೇರಿ ನಿರ್ಣಯ ಮಾಡುವುದಕ್ಕಿಂತ ಮೊದಲು ಅಲ್ಲಿಗೆ ಹೋಗಿ ಕೊಳ್ಳಬೇಕು. ಯಾರೂ ಹೋಗದ ಮಾರುಕಟ್ಟೆಯನ್ನು ಯಾವ ಪಾರಂಪರಿಕ ಸಮಿತಿಯೂ ಉಳಿಸಲಾರದು. ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಹೋಗಿ, ಮೊಳಕ್ಕೂ ಮಾರಿಗೂ ಇರುವ ಲೆಕ್ಕವನ್ನು ತೋರಿಸಬೇಕು. ರಸಬಾಳೆ ಸಿಕ್ಕಿದರೆ ಕಪ್ಪಾದ ಸಿಪ್ಪೆಗೆ ಅಂಜದೆ ತಿನ್ನಿಸಬೇಕು. ತೂಕವಾದ ಮೇಲೆ ಒಂದು ಗಳಿಗೆ ಸುಮ್ಮನೆ ನಿಂತು ಅಂಗಡಿಯವನ ಕೈಯನ್ನು ನೋಡಬೇಕು. ಈ ಶ್ರಾವಣದಲ್ಲಿ ನಾವು ಹೋದಾಗ ಕನಕಾಂಬರದವಳು ಮೊಳ ಹಾಕಿ ಮುಗಿಸಿ, ಬಾಳೆನಾರನ್ನು ಕಡಿಯುವ ಮೊದಲು, ನಮ್ಮ ಮಗಳ ಮುಖ ನೋಡಿ ಇನ್ನೂ ನಾಲ್ಕು ಬೆರಳಿನಷ್ಟು ಹೂವನ್ನು ಬಿಟ್ಟು ಕಡಿದಳು. 'ಇದು ಯಾಕೆ?' ಎಂದು ಹುಡುಗಿ ಕೇಳಿದಳು. ಉತ್ತರ ಹೇಳಲು ನಮಗೆ ಮನೆಗೆ ಬರುವವರೆಗೂ ಮಾತು ಬೇಕಾಯಿತು.